ಬೇಸ್‌ಮೆಂಟಿನಲ್ಲಿ ಬಾರ್ಲಿ ತಿರುಗಿದ ಕತೆ

ಬರೆಯಲು ಕೂತು ಒಂದು ಸಾಲು ಮುಗಿಸಿಲ್ಲ, ಆಗಲೇ ಕೆಳಗಿನಿಂದ ಕೂಗು. “ಏ, ಒಂದ್ನಿಮಿಷ ಬಾರೇ, ಇದನ್ನ ಹಿಡ್ಕೋ!” ಬೆಳಗಿನಿಂದ ಇದು ಎಷ್ಟನೆಯ ಸಲವೋ. ನಮ್ಮ ಯಜಮಾನರ ಒಂದು ನಿಮಿಷದಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಆರಿ, ಕೆನೆ ಕಟ್ಟಿರುತ್ತದೆ. ಹೋಗಿ ಹಿಡಿದು ಬಂದೆ. ಏನು ಹಿಡಿದೆ ಅಂತ ಕೇಳಬೇಡಿ, ಹಿಡಿದವಳಿಗೂ ಗೊತ್ತಿಲ್ಲ. ಈ ಮನೆಯಲ್ಲಿ ಇಂಥವು ನಡೆಯದ ವಾರವೇ ಇಲ್ಲ.

ಮೊದಲು ಹೀಗಿರಲಿಲ್ಲ. ಬೆಳಿಗ್ಗೆ ಇಲ್ಲಿನ ಮೆಟುಚೆನ್ ಸ್ಟೇಷನ್ನಿನಲ್ಲಿ ಟ್ರೇನ್ ಹತ್ತಿ ನ್ಯೂಯಾರ್ಕಿನ ಬ್ಯಾಂಕಿಗೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ನಾನು, ನಾಲ್ಕು ವರ್ಷದ ಮಗಳು, ಈ ಬಾಡಿಗೆ ಮನೆ, ಮೂವರೂ ನೆಮ್ಮದಿಯಾಗಿದ್ದೆವು. ಆಮೇಲೆ ಬ್ಯಾಂಕುಗಳು ಒಂದರ ಮೇಲೊಂದು ಬಿದ್ದವು. ಇವರ ಬ್ಯಾಂಕು ಬೀಳಲಿಲ್ಲ, ಇವರನ್ನು ಬೀಳಿಸಿತು. “ಇನ್ನು ಕೆಲವು ತಿಂಗಳು ಸಂಬಳ ಬರುತ್ತೆ, ನೀವು ಬರಬೇಡಿ” ಅಂದರಂತೆ. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಯಿತು, ಗಂಟುಮೂಟೆ ಕಟ್ಟುವುದೇ.

ಬೇರೆಯವರ ಗಂಡಂದಿರು ಇಂಥ ಹೊತ್ತಿನಲ್ಲಿ ಗಡ್ಡ ಬಿಟ್ಟುಕೊಂಡು ಕೆಲಸ ಹುಡುಕುತ್ತಾರೆ. ನಮ್ಮವರೂ ಹುಡುಕಿದರು. ಹುಡುಕಿ ಸುಸ್ತಾದಾಗಲೆಲ್ಲ ಬೇಸ್‌ಮೆಂಟಿಗೆ ಇಳಿದು ಬಿಯರ್ ಮಾಡತೊಡಗಿದರು. ಕುಡಿಯುವುದು ಅರ್ಧ ಲೋಟ, ಮಿಕ್ಕಿದ್ದೆಲ್ಲ ಇಂಜಿನಿಯರಿಂಗ್.

ವೈಪರ್

ಬಿಯರಿಗೆ ಮೊಳಕೆ ಕಟ್ಟಿದ ಬಾರ್ಲಿಯನ್ನು ಬಿಸಿನೀರಿಗೆ ಹಾಕಿ ತಿರುವುತ್ತಲೇ ಇರಬೇಕಂತೆ, ಇಲ್ಲದಿದ್ದರೆ ತಳ ಹತ್ತುತ್ತದೆ. ನಾನು ಮದುವೆಯಾದಾಗಿನಿಂದ ಮುದ್ದೆ ತಿರುವಿದ್ದೇನೆ, ಉಪ್ಪಿಟ್ಟು ತಿರುವಿದ್ದೇನೆ, ಮಗುವಿನ ರಾಗಿ ಸರಿ ತಿರುವಿದ್ದೇನೆ. ಒಬ್ಬರೂ ನನ್ನ ಕೈಗೆ ಮೋಟರ್ ಕಟ್ಟಿಸಿಕೊಡಲಿಲ್ಲ. ಇವರು ಒಂದು ದಿನ ತಿರುವಿದರು, ಭುಜ ನೋವು ಅಂದರು. ಮಾರನೆಯ ದಿನವೇ ಗುಜರಿಯಿಂದ ಯಾವುದೋ ಹಳೇ ಕಾರಿನ ವೈಪರ್ ಮೋಟರ್ ಮನೆಗೆ ಬಂತು.

ಎರಡು ಸ್ಟೂಲುಗಳ ಮೇಲೆ ಅಡ್ಡ ಹಲಗೆ, ಹಲಗೆಗೆ ಮೋಟರು, ಮೋಟರಿಗೆ ನನ್ನ ಬಿಸಿಬೇಳೆಬಾತಿನ ಸೌಟು. ಕೆಳಗೆ ಪಾತ್ರೆ. ಕರೆಂಟು ಹಳೇ ಕಂಪ್ಯೂಟರಿನ ಹೊಟ್ಟೆಯಿಂದ. ಸ್ವಿಚ್ ಹಾಕಿದರು. ಸೌಟು ಗಟ್ಟಿ ಬಾರ್ಲಿಯಲ್ಲಿ ಸಿಕ್ಕಿಕೊಂಡಿತು, ಅದರ ಜೊತೆ ಪಾತ್ರೆಯೇ ಗಿರಗಿರ ತಿರುಗತೊಡಗಿತು.

“ನೋಡ್ತಾ ನಿಂತಿದೀಯಲ್ಲ, ಪಾತ್ರೆ ಹಿಡ್ಕೊಳೇ!”

ಬಟ್ಟೆ ಸುತ್ತಿ ಹಿಡಿದುಕೊಂಡೆ. ಬಿಸಿ ಗಂಜಿ ಮೊಣಕೈವರೆಗೆ ಸಿಡಿಯಿತು. “ಇದಕ್ಕೆ ಏನಂತಾರೆ ರೀ?”

“ಆಟೊಮೇಷನ್. ಮನುಷ್ಯರು ಬೇಕಾಗೇ ಇಲ್ಲ.”

“ಹಾಗಾದ್ರೆ ನಾನು ಬಿಡ್ಲಾ?”

“ಬಿಟ್ಟೀಯಾ ಮತ್ತೆ!”

ನೂರೈವತ್ತೆರಡು

ತಿರುವುವುದು ಒಂದು ಹಂತಕ್ಕೆ ಬಂದ ಮೇಲೆ ಬಿಸಿಯ ಚಿಂತೆ ಹತ್ತಿತು. ಬಾರ್ಲಿ ನೂರೈವತ್ತೆರಡು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕೂತಿರಬೇಕು. ಒಂದು ಡಿಗ್ರಿ ಆಚೀಚೆಯಾದರೂ ಇವರ ಮುಖ ಬಾಡುತ್ತದೆ. ಅದಕ್ಕೊಂದು ಡಬ್ಬಿ ಮಾಡಿದರು. ಪಾತ್ರೆಯೊಳಗೆ ಬಿಸಿ ಅಳೆಯುವ ಕಡ್ಡಿ ಇಳಿಬಿಟ್ಟರೆ ಡಬ್ಬಿ ತಾನೇ ಒಲೆ ಹಚ್ಚಿ ಆರಿಸುತ್ತದೆ.

ಅದೇ ದಿನ ಮಗಳಿಗೆ ಜ್ವರ. ಡಾಕ್ಟರ ಆಫೀಸಿಗೆ ಫೋನ್ ಮಾಡಿದೆ. ನನ್ನದು ಹತ್ತನೇ ಕ್ಲಾಸಿನ ಇಂಗ್ಲಿಷು, ಒಂದೊಂದೇ ಪದ ಜೋಡಿಸಿಕೊಂಡು ಮಾತಾಡಬೇಕು. ನರ್ಸಮ್ಮ ಕೇಳಿದಳು, “ಮಗುವಿನ ಟೆಂಪರೇಚರ್ ಎಷ್ಟು?”

ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಗರ್ಜನೆ. “ಒನ್ ಫಿಫ್ಟಿ ಟೂ! ಪರ್ಫೆಕ್ಟ್!”

ನರ್ಸಮ್ಮ ಚೀರಿದಳು. “ಮ್ಯಾಮ್, ಫೋನ್ ಇಡಿ, ತಕ್ಷಣ ಆಂಬುಲೆನ್ಸಿಗೆ, ನೈನ್ ಒನ್ ಒನ್‌ಗೆ ಕಾಲ್ ಮಾಡಿ!”

“ನೋ ನೋ, ಮಗುವಿಗಲ್ಲ! ಅದು ನನ್ನ ಹಸ್ಬೆಂಡು!”

“ನಿಮ್ಮ ಗಂಡನಿಗೆ ನೂರೈವತ್ತೆರಡಾ?”

“ಹೌದು,” ಅಂದೆ. “ಕೆಲಸ ಹೋದಾಗಿನಿಂದ.”

ಮಡಿ

ಇಷ್ಟರ ನಡುವೆ ಮೈಸೂರಿನಿಂದ ನಮ್ಮತ್ತೆ ಬಂದರು. ಟಿಕೆಟ್ಟು ಮೊದಲೇ ಆಗಿತ್ತು. ಹೈಸ್ಕೂಲು ಮೇಡಂ ಆಗಿ ರಿಟೈರಾದವರು, ಮಡಿ ಅಂದರೆ ಪ್ರಾಣ. “ಕೆಲಸ ಹೋಗಿದ್ದು ಅಮ್ಮನಿಗೆ ಗೊತ್ತಾಗ್ಬಾರ್ದು, ಬಿ.ಪಿ. ಏರುತ್ತೆ” ಅಂತ ಇವರು ಕೈ ಮುಗಿದರು. ಸುಳ್ಳು ಹೇಳುವ ಕೆಲಸ ಮಾತ್ರ ನನಗೆ ಬಿತ್ತು. ಬ್ಯಾಂಕಿನವರು ಮನೆಯಿಂದಲೇ ಕೆಲಸ ಮಾಡಿ ಅಂದಿದ್ದಾರೆ, ಕೆಳಗಿರುವುದು ಬ್ಯಾಂಕಿನ ಮೆಷಿನ್ನು, ಬಾರ್ಲಿ ನೀರು ಕಾಯಿಸುತ್ತದೆ ಅಂದೆ. ಬ್ಯಾಂಕಿಗೆ ಬಾರ್ಲಿ ನೀರು ಯಾಕೆ ಅಂತ ಅತ್ತೆ ಕೇಳಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಬಿಯರ್ ಕಾದು ಆರಿದ ಮೇಲೆ ಅದಕ್ಕೆ ಏನೂ ಸೋಕುವಂತಿಲ್ಲ, ಸೋಕಿದರೆ ಹುಳಿಯಾಗುತ್ತದಂತೆ. ಇವರು ಮೊಣಕೈವರೆಗೆ ಕೈ ತೊಳೆದು, ಪೈಪಿಗೆ, ಮುಚ್ಚಳಕ್ಕೆ, ಡ್ರಮ್ಮಿಗೆ ಏನೋ ನೀರು ಚಿಮುಕಿಸುತ್ತಿದ್ದರು. ನಾನು ಬಟ್ಟೆ ಒಗೆಯಲು ಪಕ್ಕದಲ್ಲಿ ಹಾದು ಹೋದೆ, ಅಷ್ಟೆ.

“ಮುಟ್ಟಬೇಡ! ದೂರ ನಿಲ್ಲು! ಸೆರಗು ತಾಗುತ್ತೆ!”

ನಾನು ಹಾಕಿದ್ದು ಸ್ವೆಟರು. ಚಿಕ್ಕಂದಿನಲ್ಲಿ ಅಮ್ಮನ ಮಡಿ ಸೀರೆಯನ್ನು ಬೇಕಂತಲೇ ಮುಟ್ಟಿ ಓಡುತ್ತಿದ್ದ ಮಹಾನುಭಾವರು ಇವರೇ.

ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆಯ ಕಣ್ಣು ತುಂಬಿ ಬಂತು. “ಅಂತೂ ಅಮೆರಿಕಕ್ಕೆ ಬಂದ ಮೇಲಾದ್ರೂ ಬುದ್ಧಿ ಬಂತಲ್ಲೋ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೋಡಿ ಕಲ್ತ್ಕೋಮ್ಮ. ಮಡಿ ಅಂದ್ರೆ ಹೀಗಿರ್ಬೇಕು.”

ಫುಲ್ಲಿ ಆಟೊಮ್ಯಾಟಿಕ್

ಹೋದ ವಾರ ಇವರಿಗೆ ಕೊನೆಗೂ ಒಂದು ಫೋನ್ ಇಂಟರ್‌ವ್ಯೂ ಸಿಕ್ಕಿತು. ಇದೊಂದು ಗಿಟ್ಟಿದರೆ ಉಳಿದೆವು. ಮಧ್ಯಾಹ್ನ ಮಾಡುತ್ತೇವೆ ಅಂದವರು ಬೆಳಿಗ್ಗೆಯೇ ಮಾಡಿದರು. ಆಗ ಬಾರ್ಲಿ ಅರ್ಧ ದಾರಿಯಲ್ಲಿತ್ತು. ಇವರು ಸದ್ದಾಗುತ್ತದೆಂದು ಮೋಟರ್ ಆರಿಸಿ, ಸೌಟು ಬಿಚ್ಚಿ ನನ್ನ ಕೈಗೆ ತುರುಕಿ, ತಿರುವು ಅಂತ ಸನ್ನೆ ಮಾಡಿ ಗೋಡೆ ಕಡೆ ತಿರುಗಿ ನಿಂತರು.

ಮೊದಮೊದಲು ಇವರು ತಡವರಿಸುತ್ತಿದ್ದರು. ಆ ಕಡೆಯವನು ಏನು ಕೇಳಿದನೋ, ಇವರ ಬೆನ್ನು ನೆಟ್ಟಗಾಯಿತು.

“ಈಗ ಮನೆಯಲ್ಲಿ ಒಂದು ಬ್ರೂವರಿ ಕಟ್ಟಿದೀನಿ ಸರ್. ಯೆಸ್, ಬಿಯರ್! ಟೆಂಪರೇಚರ್ ಕಂಟ್ರೋಲ್ ನಾನೇ ಮಾಡಿದ್ದು. ತಿರುವೋದಾ? ಫುಲ್ಲಿ ಆಟೊಮ್ಯಾಟಿಕ್ ಸರ್.”

ಆ ಫುಲ್ಲಿ ಆಟೊಮ್ಯಾಟಿಕ್ಕಿನ ಹಣೆಯಿಂದ ಬೆವರು ಸುರಿಯುತ್ತಿತ್ತು, ರಟ್ಟೆ ಬಿದ್ದು ಹೋಗುತ್ತಿತ್ತು.

“ಸದ್ದಾ? ನೋ ಸರ್. ಕಂಪ್ಲೀಟ್ಲಿ ಸೈಲೆಂಟ್.”

ನನ್ನನ್ನು ಸೈಲೆಂಟ್ ಅಂದವರು ಈ ಲೋಕದಲ್ಲಿ ಇವರೊಬ್ಬರೇ.

ತಲೆಯೆತ್ತಿದರೆ ಮೆಟ್ಟಿಲ ಮೇಲೆ ಅತ್ತೆ. ಮೊಮ್ಮಗಳ ಕೈ ಹಿಡಿದುಕೊಂಡು ನಿಂತಿದ್ದಾರೆ. ಅವರು ಶಾಲೆಯಲ್ಲಿ ಕಲಿಸಿದ್ದೇ ಇಂಗ್ಲಿಷು. ಮೆಲ್ಲಗೆ ಇಳಿದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು. ಈ ಗಳಿಗೆಗೆ ಅಂತಲೇ ನಾನು ಒಂದು ಉತ್ತರ ಕಟ್ಟಿಟ್ಟುಕೊಂಡಿದ್ದೆ.

“ಅತ್ತೆ, ಬಿಯರ್ ಅಂದ್ರೆ ಇಲ್ಲಿಯವರು ಔಷಧಿಗೂ…”

“ಬಿಯರ್ ವಿಷಯ ಬಿಡಮ್ಮ. ನಂಗೂ ಮೂಗಿದೆ.”

ನನ್ನ ಕೈ ನಿಂತುಹೋಯಿತು.

“ಕೈ ನಿಲ್ಲಿಸ್ಬೇಡ, ತಳ ಹತ್ತುತ್ತೆ,” ಅಂದರು ಅತ್ತೆ. “ತಿರುವ್ತಾನೇ ಹೇಳು. ಕೆಲಸ ಇರೋನು ಫೋನಲ್ಲಿ ಇನ್ನೊಬ್ಬರ ಹತ್ರ ಯಾಕೆ ಕೆಲಸ ಕೇಳ್ತಿದಾನೆ?”