ಬೈಯುವ ಮಂಚ

ಮಂಚಕ್ಕೆ ಮಾತು ಕಲಿಸಲು ಹೋಗಿ, ಮೊದಲ ಪಾಠವಾಗಿ ಸ್ವಂತ ದನಿಯಲ್ಲಿ ಸೋದರಮಾವನ ಅಣಕ ಮಾಡಿ ತುಂಬಿಸಿದ ದಡ್ಡನೆಂದರೆ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಆಮೇಲೆ ಅದನ್ನು ಅಳಿಸಿ ಲಾಲಿ ಹಾಡು ಹಾಕಬೇಕಿತ್ತು. ಮರೆತೆ.

ಕಲಾ ಕಾಲೇಜಿನ ಕೊನೇ ವರ್ಷದ ಪ್ರದರ್ಶನಕ್ಕೆಂದು ಮುಳಬಾಗಿಲಿನ ನಮ್ಮ ಮನೆಯ ಹಳೇ ನವಾರು ಮಂಚವನ್ನು ಬಿಚ್ಚಿ, ಪಟ್ಟಿಗಳ ಜೊತೆ ಕರೆಂಟು ಹರಿಯುವ ದಾರ ಸೇರಿಸಿ ಮತ್ತೆ ಹೆಣೆದಿದ್ದೆ. ಬರಿಗೈ ತಾಗಿದರೆ ಕೆಳಗೆ ಕಟ್ಟಿದ ಸ್ಪೀಕರು ಮಾತಾಡಬೇಕು. ಅಂಗೈ ಬೆವೆತಷ್ಟೂ ಜೋರಾಗಿ. ಹೆದರಿದರೆ ನನ್ನ ಅಂಗೈಯಿಂದ ನಲ್ಲಿ ಬಿಟ್ಟಂತೆ ನೀರಿಳಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಮಂಚವನ್ನು ಕೋಲಾರಕ್ಕೆ ಸಾಗಿಸಲು ನಂಗಲಿಯಿಂದ ಟೆಂಪೊ ತಂದವರು ಅದೇ ಮಾವ. ಅವರು ಮುನಿಸಿಕೊಂಡರೆ ಟೆಂಪೊ ಇಲ್ಲ, ಟೆಂಪೊ ಇಲ್ಲದಿದ್ದರೆ ನಾನು ಪಾಸಿಲ್ಲ. ಒಳಗೆ ಬಂದವರೇ ನೇರ ಮಂಚದ ಕಡೆ ನಡೆದರು. ನನಗೆ ಅಣಕ ನೆನಪಾದದ್ದು ಆಗ! ಹಾರಿ ಹೋಗಿ ಮಂಚದ ನಡುವೆ ನಾನೇ ಕೂತೆ, ಪೊಲೀಸರಿಗೆ ಸಿಕ್ಕ ಕಳ್ಳನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು.

“ಏಮ್ರಾ, ಕೈ ಯಾಕೆ ಎತ್ಕೊಂಡಿದೀಯ?”

“ಸುಮ್ನೆ ಮಾವ, ಗಾಳಿ ಆಡ್ಲಿ ಅಂತ.”

“ಜರುಗೋ ಅತ್ಲಾಗೆ, ಸೊಂಟ ಬಿದ್ದೋಗಿದೆ,” ಎಂದು ಧೊಪ್ಪನೆ ಕೂತರು. ಮಂಚ ಜಗ್ಗಿತು, ನಾನು ವಾಲಿದೆ, ಬೀಳಬಾರದೆಂದು ಒದ್ದೆ ಅಂಗೈಗಳೆರಡನ್ನೂ ನವಾರಿಗೆ ಊರಿದೆ.

“ಲೇ ಕೆಲ್ಸಕ್ಕೆ ಬಾರ್ದೋನೆ! ಟೈರಲ್ಲಿ ಗಾಳಿ ಇಲ್ಲ, ನಿನ್ ತಲೇಲಿ ಬರೀ ಗಾಳಿ!” ಎಂದು ಮಂಚ ಗುಡುಗಿತು. ಹಿಂದೆಯೇ ಮಾವನ ಗೊರಗೊರ ಕೆಮ್ಮು. ನಾನು ಅದನ್ನೂ ಬಿಟ್ಟಿರಲಿಲ್ಲ. ಹೆದರಿಕೆಗೆ ಕೈ ಮರಗಟ್ಟಿ ಅಲ್ಲೇ ಉಳಿಯಿತು. ಬೆವರು ಹೆಚ್ಚಿತು. ಮಂಚ ಇನ್ನೂ ಜೋರಾಗಿ ಇನ್ನೊಂದು ಸಲ ಬೈದಿತು.

ಮಾವ ಕೆಳಗೆ ಬಗ್ಗಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದರು ಎಂಬುದೊಂದೇ ನನಗಿದ್ದ ಸಮಾಧಾನ.

“ಲೇ... ನಮ್ಮಪ್ಪನ ವಾಯ್ಸು ನಿನ್ ಹತ್ರ ಎಲ್ಲಿತ್ತೋ?” ಎಂದು ನವಾರಿಗೆ ಕಿವಿ ಹಚ್ಚಿದರು. ಅವರಪ್ಪ ಎಂದರೆ ಎಂದೋ ತೀರಿಹೋದ ನನ್ನ ತಾತ. “ಅದೇ ಕೆಮ್ಮು ಕಣೋ! ಇನ್ನೊಂದ್ಸಲ ಕೈ ಇಡು.”

ಇಟ್ಟೆ. ಮಂಚ ಬೈದಿತು. ಮಾವ “ಅವುನು ನಾಯ್ನಾ, ಅವುನು” ಎಂದು ತೆಲುಗಿನಲ್ಲಿ ಅಪ್ಪನಿಗೆ ಹೌದೆನ್ನುತ್ತ ಕೈಕಟ್ಟಿ ತಲೆಯಾಡಿಸಿದರು. ಆಮೇಲೆ ಮಂಚವನ್ನು ತಾವೇ ಟೆಂಪೊಗೆ ಹತ್ತಿಸಿ, ಅಲುಗಾಡದಂತೆ ಹಗ್ಗ ಬಿಗಿದರು. ಲಾಲಿ ಹಾಡು ಹಾಕುವ ಧೈರ್ಯ ನನಗೆ ಬರಲಿಲ್ಲ.

“ಅವ್ರಿಗೆ ಅವ್ರ ಧ್ವನೀನೇ ಗೊತ್ತಾಗ್ಲಿಲ್ವಲ್ಲಮ್ಮ!” ಎಂದು ಅಡುಗೆಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳುತ್ತ ಪಿಸುಗುಟ್ಟಿದೆ.

ಅಮ್ಮ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. “ನಿನ್ ವಯಸ್ಸಲ್ಲಿ ನಮ್ಮಣ್ಣಾನೂ ಅಪ್ಪನ್ನ ಹಿಂಗೇ ಅಣಕಿಸ್ತಿದ್ದ ಕಣೋ. ಮಾಡಿ ಮಾಡಿ, ಕೊನೆಗೆ ನಿಲ್ಸಕ್ಕೇ ಆಗ್ಲಿಲ್ಲ. ಅದಿರ್ಲಿ, ನೀನ್ಯಾಕೆ ಬೆಳಗಿಂದ ಗೊರಗೊರ ಅಂತ ಕೆಮ್ತಿದೀಯ?”