ಭಾವಮೈದನಿಗೆ ಹಿಡಿದ ಸ್ಪೇನು

ಕಲಾವಿದರನ್ನು ಕಂಡರೆ ನನಗೆ ಬಹಳ ಗೌರವ. ಆದರೆ ಅವರು ಪಕ್ಕದ ಬೀದಿಯಲ್ಲಿದ್ದರೆ ಆ ಗೌರವ ಕೆಡದೆ ಉಳಿಯುತ್ತದೆ. ನಮ್ಮದೇ ಮನೆಯ ಪಡಸಾಲೆಯಲ್ಲಿ ಬಣ್ಣದ ಡಬ್ಬಿ ಹರಡಿಕೊಂಡು ಕೂತರೆ ಉಳಿಯುವುದು ಕಷ್ಟ. ನನ್ನ ಹೆಂಡತಿ ಜಯಮ್ಮನ ತಮ್ಮ ಮುನಿರಾಜು ತೊರಪಲ್ಲಿ ಅಗ್ರಹಾರದ ಬೇಸಾಯಗಾರರ ಮನೆಯವನು. ಉಳುವುದಕ್ಕೆ ಕಳಿಸಿದರೆ ಎತ್ತುಗಳನ್ನು ಸಾಲಿನ ನಡುವೆ ನಿಲ್ಲಿಸಿಕೊಂಡು ಅವುಗಳ ಚಿತ್ರ ಬರೆಯುತ್ತಿದ್ದ. ನಮ್ಮ ಮಾವನವರು ರೋಸಿಹೋಗಿ, "ನಡೀಲಾ, ನಿಮ್ಮಕ್ಕನ ಮನೇಲಿ ಬರ್ಕೊಂಡು ಸಾಯಿ" ಎಂದು ಅವಲಪಲ್ಲಿಯ ನಮ್ಮ ಬಾಡಿಗೆ ಮನೆಗೆ ಅಟ್ಟಿದರು. ಹೊಸೂರಿನ ಅಂಗಡಿಗಳಿಗೆ ಬೋರ್ಡು, ಲಾರಿಗಳಿಗೆ ನಂಬರು ಬರೆಯುತ್ತಾ ಅವನು ನೆಮ್ಮದಿಯಾಗಿದ್ದ. ನಾವೂ ಇದ್ದೆವು, ಸ್ಪೇನ್ ದೇಶ ನಮ್ಮ ಮನೆಗೆ ಕಾಲಿಡುವ ತನಕ.

ಅದು ಬಂದದ್ದು ನನ್ನ ಕೈಯಿಂದಲೇ. ಹೊಸೂರಿನಲ್ಲಿ ಒಂದರ ಬೆನ್ನಿಗೊಂದು ಕಾರ್ಖಾನೆ ಏಳುತ್ತಿದ್ದ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದೆ. ಹೊರದೇಶದಿಂದ ಮರದ ಪೆಟ್ಟಿಗೆಯಲ್ಲಿ ಒಂದು ಮಷೀನು ಬಂತು. ಅದರ ಸುತ್ತ ತುರುಕಿದ್ದ ಬಣ್ಣಬಣ್ಣದ ಇಂಗ್ಲಿಷ್ ಪತ್ರಿಕೆಯ ಹಾಳೆಗಳನ್ನು ಅಡುಗೆಮನೆಯ ಗೂಡಿಗೆ ಹಾಸಲು ಮನೆಗೆ ತಂದೆ. ಮುನಿರಾಜು ಅವನ್ನು ಕಿತ್ತುಕೊಂಡು, ಇಸ್ತ್ರಿ ಹಾಕಿ ನೀಟು ಮಾಡಿ, "ಬಾವ, ಇದರಾಗೆ ಏನ್ ಬರ್ದವ್ರೆ, ವಸಿ ಓದಿ" ಎಂದ. ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಇಂಗ್ಲಿಷಿಗೆ ನಾನೇ ದೊಡ್ಡ ಮನುಷ್ಯ. ಗಂಟಲು ಸರಿಮಾಡಿಕೊಂಡು ಓದಿದೆ. ಅದು ಸ್ಪೇನಿನ ಒಬ್ಬ ಚಿತ್ರಗಾರನ ಜೀವನಕಥೆ. ಒಣ ಬಯಲಿನ ಸಣ್ಣ ಊರಲ್ಲಿ ಹುಟ್ಟಿದವನು, ಊರಲ್ಲೇ ಕುಂಚ ಹಿಡಿಯಲು ಕಲಿತು ರಾಜಧಾನಿಗೆ ಹೋಗಿ ಹೆಸರು ಮಾಡಿದ. ಬಾಗಿಲಿನ ಚಿಲಕ, ಗೋಡೆಯ ಬಿರುಕು, ತಟ್ಟೆಯ ಮೇಲಿನ ರೊಟ್ಟಿ, ಎಲ್ಲವನ್ನೂ ಕೈಚಾಚಿದರೆ ಸಿಗುವಷ್ಟು ನಿಜವಾಗಿ ಬರೆಯುತ್ತಿದ್ದ. ಆದರೆ ಅದೇ ಚಿತ್ರದ ಮೂಲೆಯಲ್ಲಿ ಒಬ್ಬಳು ಹೆಂಗಸು ಮಾಳಿಗೆಯ ಮೇಲೆ ತಣ್ಣಗೆ ತೇಲುತ್ತಿರುತ್ತಿದ್ದಳು. ಇದಕ್ಕೆ 'ಮ್ಯಾಜಿಕ್ ರಿಯಲಿಸಂ' ಎಂದು ಹೆಸರಂತೆ. ನಾನು ಅದನ್ನು 'ಮಾಟದ ನಿಜ' ಎಂದು ಕನ್ನಡಿಸಿದೆ. ಒಂದೊಂದು ಚಿತ್ರಕ್ಕೆ ಆತ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಎಂಬುದನ್ನು ಮಾತ್ರ ನಾನು ಜೋರಾಗಿ ಓದಬಾರದಿತ್ತು.

ಮಾರನೆಯ ಬೆಳಿಗ್ಗೆಯೇ ಮುನಿರಾಜು ಒಂದು ಬದನೆಕಾಯಿಯನ್ನು ಮಣೆಯ ಮೇಲಿಟ್ಟು ಬರೆಯಲು ಕೂತ. ಅದನ್ನು ಯಾರೂ ಮುಟ್ಟುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಬೆಳಕು ಬದಲಾಗುತ್ತದಂತೆ. ಬದನೆಕಾಯಿ ಬಾಡಿತು, ಸುಕ್ಕಾಯಿತು, ನಾರತೊಡಗಿತು. ಜಯಮ್ಮ ಮಾತ್ರ, "ಮಾತಾಡಿಸ್ಬ್ಯಾಡಿ, ಮಗ ಗ್ಯಾನದಾಗವ್ನೆ" ಎಂದು ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡಿದಳು. ಬಳಿಕ ಬೋರ್ಡುಗಳ ಸರದಿ. ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ, ಚಟ್ನಿ, ಏಳುವ ಹಬೆ ಎಲ್ಲ ಬಾಯಲ್ಲಿ ನೀರೂರುವ ಹಾಗೆ ಬರೆದು, ಇಡ್ಲಿಯ ಪಕ್ಕದಲ್ಲಿ ಹುಣ್ಣಿಮೆಯ ಚಂದ್ರನನ್ನು ನಾಲ್ಕು ಹೋಳು ಮಾಡಿ ಬಡಿಸಿದ್ದ. ತಮಿಳಿನವರಾದ ಮಾಲೀಕರು ತಲೆಯ ಮೇಲೆ ಕೈಹೊತ್ತು, "ಎನ್ನಪ್ಪಾ ಇದು? ಗಿರಾಕಿ ಚಂದ್ರ ಕೊಡು ಅಂದ್ರೆ ಎಲ್ಲಿಂದ ತರ್ಲಿ?" ಎಂದರು. ದರ್ಜಿಯ ಬೋರ್ಡಿನಲ್ಲಿ ದರ್ಜಿ ಮೋಡವನ್ನು ಹೊಲಿಯುತ್ತಿದ್ದ. ಇಬ್ಬರೂ ಬೈದು ಕಳಿಸಿದರು.

ಹೀಗೆ ಕೆಲಸವಿಲ್ಲದೆ ಕೂತಿದ್ದಾಗ ಸಾನಮಾವಿನ ಕಡೆಯ ದೊಡ್ಡ ಬೇಸಾಯಗಾರರೊಬ್ಬರು ತೀರಿಹೋದ ತಂದೆಯ ಫೋಟೋ ಹಿಡಿದು, ಅದನ್ನು ನೋಡಿ ಚಿತ್ರ ಬರೆದುಕೊಡಬೇಕೆಂದು ಬಂದರು. ವರ್ಷದ ತಿಥಿಯ ದಿನ ಚಿತ್ರ ಹೊತ್ತುಕೊಂಡು ಹೋದೆವು. ನಾಲ್ಕು ಮಾತು ಆಡಲು ಬರುತ್ತದೆಂದು ನಾನೂ ಜೊತೆಗಿದ್ದೆ. ಬಟ್ಟೆ ಸರಿಸಿದಾಗ ಜನ "ಅಬ್ಬಾ!" ಎಂದರು. ಅದೇ ರುಮಾಲು, ಅದೇ ಮೀಸೆ, ಕೈಯ ನರ ಕೂಡ ಎದ್ದು ಕಾಣುತ್ತಿತ್ತು. ಮರುಕ್ಷಣ ಎಲ್ಲರ ಕಣ್ಣು ಕೆಳಕ್ಕಿಳಿಯಿತು. ಚಿತ್ರದಲ್ಲಿ ಯಜಮಾನರು ಕೂತಿದ್ದ ಕುರ್ಚಿ ನೆಲದಿಂದ ಮೊಣಕಾಲೆತ್ತರ ಮೇಲೆ ಗಾಳಿಯಲ್ಲಿ ನಿಂತಿತ್ತು.

"ನಮ್ಮಪ್ಪನ್ನ ದೆವ್ವ ಮಾಡ್ಬುಟ್ಟಿದ್ದೀಯೇನ್ಲಾ?" ಎಂದು ಮಗ ಅಬ್ಬರಿಸಿದ. ಯಾರೋ ಬಾಗಿಲು ಹಾಕಿದರು. ನಾಲ್ಕು ಮಾತು ಆಡಬೇಕಿದ್ದ ನಾನು ಮೆಲ್ಲಗೆ ಮುನಿರಾಜುವಿನ ಬೆನ್ನ ಹಿಂದೆ ಸರಿದೆ. ಅಷ್ಟರಲ್ಲಿ ತೀರಿಕೊಂಡವರ ಹೆಂಡತಿ, ಬಾಗಿದ ಬೆನ್ನಿನ ಅಜ್ಜಿ, ಒಳಗಿನಿಂದ ನಿಧಾನವಾಗಿ ಬಂದು ಚಿತ್ರದ ಮುಂದೆ ನಿಂತರು. ಮೇಲೆ ಕೆಳಗೆ ನೋಡಿದರು.

"ಯಾಕ್ಲಾ ಕೂಗಾಡೀಯ? ನಿಮ್ಮಪ್ಪ ಬದ್ಕಿದ್ದಾಗ ಯಾವತ್ತು ನೆಲದ ಮ್ಯಾಲೆ ಕಾಲಿಕ್ಕಿದ್ದ? ಕುಡಿಯೋ ನೀರೂ ಕುರ್ಚಿ ತಾವ್ಕೇ ಹೋಗ್ಬೇಕಿತ್ತು. ಈ ಮಗ ಸರ್ಯಾಗೇ ಬರ್ದವ್ನೆ. ಗ್ವಾಡೆಗೆ ತಗುಲಾಕು."

ಒಬ್ಬ ಹೆಂಗಸು ಕಿಸಕ್ಕೆಂದಳು. ಆಮೇಲೆ ತಿಥಿಯ ಮನೆ ಎಂಬುದನ್ನೂ ಮರೆತು ಎಲ್ಲರೂ ನಕ್ಕರು, ಮಗ ಕೂಡ. ನಮಗೆ ಎರಡೆರಡು ಒಬ್ಬಟ್ಟು ಹೆಚ್ಚಾಗಿ ಬಡಿಸಿದರು.

ಅಲ್ಲಿಂದ ಮುನಿರಾಜುವಿನ ಹೆಸರು ಕೃಷ್ಣಗಿರಿಯ ತನಕ ಹರಡಿತು. ಅಲ್ಲಿನ ವಕೀಲರೊಬ್ಬರ ಚಿತ್ರದಲ್ಲಿ ಅವರ ನೆರಳು ಎದುರು ಕುರ್ಚಿಯಲ್ಲಿ ಕೂತು ಅವರೊಂದಿಗೇ ವಾದ ಮಾಡುತ್ತಿತ್ತು. ಜನ ಹೆದರಿಕೊಂಡೇ ಬರುತ್ತಿದ್ದರು, ತಮ್ಮ ಹಿಂದೆ ಏನು ಕಾಣಿಸುತ್ತದೋ ಎಂದು. ನನಗೂ ಆಸೆಯಾಯಿತು. ಜಯಮ್ಮ "ನಿಮ್ಗ್ಯಾಕೆ ಬೇಕು ಉಸಾಬರಿ?" ಎಂದರೂ ಕೇಳದೆ, ಒಗೆದ ಪಂಚೆ ಉಟ್ಟು, ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ಭಾನುವಾರಗಟ್ಟಲೆ ಕದಲದೆ ಕೂತೆ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ಹೆಗಲಿಗೆ ರೆಕ್ಕೆ ಬರುತ್ತದೋ, ತಲೆಯ ಹಿಂದೆ ಸೂರ್ಯನೋ? ಪುಸ್ತಕದಿಂದ ಹಕ್ಕಿಗಳು ಹಾರಿದರೂ ನನ್ನ ಆಕ್ಷೇಪಣೆ ಇರಲಿಲ್ಲ.

ಚಿತ್ರ ಮುಗಿದ ದಿನ ಅಕ್ಕಪಕ್ಕದವರನ್ನೆಲ್ಲ ಕಾಫಿಗೆ ಕರೆದೆ. ಬಟ್ಟೆ ಸರಿಯಿತು. ಕುರ್ಚಿ, ಪಂಚೆ, ಕನ್ನಡಕ, ಪುಸ್ತಕ, ಕಿವಿಯ ಮೇಲಿನ ಕೂದಲು, ಸ್ವಲ್ಪ ತೆರೆದ ಬಾಯಿ. ಅಷ್ಟೇ. ಕುರ್ಚಿಯ ನಾಲ್ಕು ಕಾಲೂ ಗಟ್ಟಿಯಾಗಿ ನೆಲದ ಮೇಲಿದ್ದವು. ನಾನು ಹಿಂದೆ ಮುಂದೆ ಹುಡುಕಿ, ಚಿತ್ರದ ಬೆನ್ನನ್ನೂ ತಿರುಗಿಸಿ ನೋಡಿ ಕೇಳಿದೆ:

"ಮಾಟ ಎಲ್ಲಿ ಕಣ್ಲಾ?"

ಮುನಿರಾಜು ನಿಜವಾಗಿಯೂ ನೊಂದುಕೊಂಡವನ ಹಾಗೆ ತಲೆ ಕೆರೆದುಕೊಂಡ. "ನಾನೂ ಅದನ್ನೇ ಹುಡುಕ್ದೆ ಬಾವ. ಇಷ್ಟು ದಿನ ನೋಡಿದ್ರೂವೆ ನಿಮ್ಮತ್ರ ಏನೂ ಸಿಕ್ಲೇ ಇಲ್ಲ."

ಮುನಿರಾಜು ಆಮೇಲೆ ಮದುವೆಯಾಗಿ ಕೃಷ್ಣಗಿರಿಯಲ್ಲಿ ಮನೆ ಮಾಡಿದ. ಚಿತ್ರವನ್ನು ಜಯಮ್ಮ ಪಡಸಾಲೆಯಲ್ಲೇ ನೇತುಹಾಕಿದ್ದಾಳೆ. ಅವನ ಖ್ಯಾತಿ ಗೊತ್ತಿರುವ ನೆಂಟರು ಬಂದು, ಹತ್ತಿರ ಹೋಗಿ, ದೂರ ನಿಂತು, ಕತ್ತು ವಾಲಿಸಿ ಬಹಳ ಹೊತ್ತು ನೋಡುತ್ತಾರೆ. ಕಾಫಿ ಆರುತ್ತದೆ. ಕೊನೆಗೆ "ಏನೋ ಇದೆ, ನಮಗೆ ತಿಳೀತಿಲ್ಲ" ಎನ್ನುತ್ತಾರೆ. ನಾನು ಎಲ್ಲ ತಿಳಿದವನ ಹಾಗೆ ಮುಗುಳ್ನಗುತ್ತೇನೆ.