ಬಾಯಿ ಮುಚ್ಚಿದ ಬೆಳಗು

ಸಲಹೆಗಾರ ಬಂದದ್ದೇ ಬಂದದ್ದು, ನಮ್ಮ ವಾಚಾಳಿಯ ಬಾಯಿಗೆ ಬೀಗ ಬಿತ್ತು.

ವಾಚಾಳಿ ಅಂದರೆ ಊರಿನ ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಬೆಳಗಿನ ಹಾಡು ಹಾಕುವವನು. ಹಾಡಿಗಿಂತ ಅವನ ಮಾತೇ ಜಾಸ್ತಿ. ಯಾರದೋ ಬೆಕ್ಕು ಕಳೆದಿದೆ, ಯಾರದೋ ಮಗುವಿಗೆ ಹಲ್ಲು ಬಂದಿದೆ, ಎಲ್ಲವೂ ಅವನಿಗೆ ಬೇಕು. "ಮೂಲೆಮನೆ ಅಜ್ಜಿ, ಮಾತ್ರೆ ನುಂಗಿದ್ರಾ?" ಎಂದು ಕೇಳದೆ ಅವನು ಒಂದು ದಿನವೂ ಮೊದಲ ಹಾಡು ಹಾಕಿದವನಲ್ಲ.

ಕೇಳುಗರು ಕಮ್ಮಿಯಾದರೆಂದು ಯಜಮಾನರು ದೊಡ್ಡ ಊರಿನಿಂದ ಈ ಸಲಹೆಗಾರನನ್ನು ಕರೆಸಿದ್ದರು. ಎಂಥೆಂಥ ಸ್ಟೇಷನ್ನುಗಳನ್ನೋ ಮೇಲೆತ್ತಿದವನಂತೆ. ಮುಳುಗಿಸಿದ್ದು ಎಷ್ಟು ಅಂತ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

"ಜನಕ್ಕೆ ಹಾಡು ಬೇಕು ಸಾರ್, ಹರಟೆ ಅಲ್ಲ. ಇವರು ಬರೀ ಹಾಡಿನ ಹೆಸರು ಹೇಳಲಿ, ಸಾಕು," ಎಂದ ಸಲಹೆಗಾರ.

"ಅಲ್ಲ ಸಾರ್, ಅಜ್ಜಿ ಮಾತ್ರೆ..." ಎಂದು ವಾಚಾಳಿ ರಾಗ ಎಳೆದ.

"ಒಂದು ಮಾತು ಜಾಸ್ತಿ ಆಡಿದ್ರೂ ನಾಳೆಯಿಂದ ಬರಬೇಡ ಕಣಯ್ಯಾ," ಎಂದರು ಯಜಮಾನರು.

ಪಾಪ, ಮಾತು ಬಿಟ್ಟರೆ ಅವನಿಗೆ ಬೇರೆ ಏನು ಗೊತ್ತು? ತುಟಿ ಕಚ್ಚಿಕೊಂಡು ಹಾಡು ಹಾಕಿದ. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ಅವನಿಗೇನಾಯ್ತು?"

"ಗಂಟಲು ಕಟ್ಟಿದೆಯಾ?"

"ಹೆಂಡ್ತಿ ಜೊತೆ ಜಗಳವಾ?"

ಆಮೇಲೆ ಜನವೇ ಬರತೊಡಗಿದರು. ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯ ಸಮೇತ ಓಡಿಬಂದ. ದರ್ಜಿ ಬಿಸಿನೀರಿನ ಫ್ಲಾಸ್ಕು ತಂದ. ಅವರ ಹಿಂದೆಯೇ ಮುಷ್ಟಿಯಲ್ಲಿ ಮಾತ್ರೆ ಹಿಡಿದು ಏದುಸಿರು ಬಿಡುತ್ತ ಅಜ್ಜಿ.

"ಇವತ್ತು ಕೇಳಲೇ ಇಲ್ವಲ್ಲೋ! ನನ್ನ ಮರೆತುಬಿಟ್ಯಾ?"

ವಾಚಾಳಿಯ ಕಣ್ಣು ತುಂಬಿತು. "ಮರೆಯೋಕಾಗುತ್ತಾ ಅಜ್ಜಿ? ಮೊದಲು ನುಂಗಿ," ಎಂದು ಫ್ಲಾಸ್ಕಿನ ನೀರು ಬಗ್ಗಿಸಿ ಕೊಟ್ಟ. ಅಜ್ಜಿ ನುಂಗಿದರು.

ಬಾಗಿಲ ತುಂಬ ಜನ. ಯಜಮಾನರು ಬೆರಗಾಗಿ ನಿಂತಿದ್ದರು. ಇನ್ನೇನು, ನನ್ನ ಮಾತು ನನಗೆ ವಾಪಸ್ ಬಂತು ಎಂದುಕೊಂಡ ವಾಚಾಳಿ.

"ನೋಡಿದ್ರಾ ಸಾರ್?" ಸಲಹೆಗಾರ ಕುಣಿದಾಡಿದ. "ಇಷ್ಟು ವರ್ಷ ಇವರು ಮಾತಾಡಿದ್ರು, ಒಬ್ಬರಾದ್ರೂ ಬಂದಿದ್ರಾ? ಒಂದು ಬೆಳಿಗ್ಗೆ ಬಾಯಿ ಮುಚ್ಚಿದ್ದಕ್ಕೆ ಊರೇ ಬಂದಿದೆ!"

ಯಜಮಾನರ ಮುಖ ಅರಳಿತು. "ಹೌದಲ್ರೀ! ನಾಳೆಯಿಂದ ಹಾಡಿನ ಹೆಸರೂ ಬೇಡ!"

ಯಾರಾದರೂ ತನ್ನ ಪರ ಒಂದು ಮಾತು ಆಡಿಯಾರೆಂದು ವಾಚಾಳಿ ಜನರತ್ತ ನೋಡಿದ. ಅಜ್ಜಿ ಅವನ ಕೆನ್ನೆ ಸವರಿದರು.

"ನೀನು ಚೆನ್ನಾಗಿದ್ದೀಯಲ್ಲ ಮಗಾ, ನಮಗಷ್ಟು ಸಾಕು."

ಹೌದು ಹೌದು ಎನ್ನುತ್ತ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದರು.